ಸ್ವಾದಿಯ ಅರಸರ ಅಧಿಕಾರ

ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದು ಸುಮಾರು 20 ಕಿಲೋಮೀಟರು ಸಾಗಿ ಕಾಡಿನತ್ತ ತಿರುಗಿದರೆ ಸೋದೆ ಸಿಗುತ್ತದೆ. ಪಂಡಿತರ ಬರೆಹದಲ್ಲಿ ಸುಧಾಪುರ. ಜನರ ಬಾಯಲ್ಲಿ ಸ್ವಾದಿ, ಸೋಂದಾ. ಅಲ್ಲಿಯ ಹಳೆಯ ಕೋಟೆಯೊಳಗೆ, ಕೆತ್ತನೆಯ ಐದು ಕಂಬಗಳ ಮೇಲೆ ಒಂದು ಹಾಸುಗಲ್ಲು ನಿಂತಿದೆ. ಸುಮಾರು 12 ಅಡಿ ಚೌಕದ ಒಂದೇ ಕಲ್ಲು. ಅದು ಅರಸರ ಸಿಂಹಾಸನವಾಗಿತ್ತೆಂದು ಊರವರು ಹೇಳುತ್ತಾರೆ. ಅರಮನೆ ಹೋಗಿದೆ, ಕಲ್ಲು ಉಳಿದಿದೆ. ನಾನು ಅಧ್ಯಾಪಕನಾಗಿದ್ದಾಗ ಒಮ್ಮೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಗ ಒಬ್ಬ ಹುಡುಗ ಕೇಳಿದ: "ಸರ್, ಇದರ ಮೇಲೆ ಕುಳಿತವರ ಮಾತು ಎಲ್ಲಿಯವರೆಗೆ ನಡೆಯುತ್ತಿತ್ತು?" ಅರಸರ ಹೆಸರುಗಳನ್ನೂ ಇಸವಿಗಳನ್ನೂ ಒಪ್ಪಿಸಿ ಆ ದಿನ ಪಾರಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಂದು ಅದಕ್ಕೆ ಉತ್ತರ ಹುಡುಕುವ ಪ್ರಯತ್ನ ಮಾಡುತ್ತೇನೆ.

ಈ ವಂಶದ ಮೂಲಪುರುಷ ಅರಸಪ್ಪ ನಾಯಕ 1555ರ ಸುಮಾರಿಗೆ ವಿಜಯನಗರದ ಸಾಮಂತನಾಗಿ ಆಳತೊಡಗಿದ. ಹತ್ತೇ ವರ್ಷಗಳಲ್ಲಿ, 1565ರಲ್ಲಿ, ರಕ್ಕಸತಂಗಡಿಯ ಯುದ್ಧ ನಡೆದು ವಿಜಯನಗರದ ನೆರಳು ಸರಿಯಿತು. ನೆರಳು ಸರಿದೊಡನೆ ಸಾಮಂತನು ಸ್ವತಂತ್ರನಾದನೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ನೆರಳು ಸರಿದ ಮೇಲೆ ಬಿಸಿಲೂ ತಟ್ಟುತ್ತದಲ್ಲವೆ? ಮೂಡಣದಲ್ಲಿ ಬಿಜಾಪುರದ ಆದಿಲಶಾಹಿ, ತೆಂಕಣದಲ್ಲಿ ಕೆಳದಿಯ ನಾಯಕರು, ಪಡುವಣ ಕಡಲಲ್ಲಿ ಪೋರ್ಚುಗೀಸರು. ಇಂದಿನ ಸಿದ್ದಾಪುರ ತಾಲ್ಲೂಕಿನ ಬಿಳಗಿಯಲ್ಲಿ ಇನ್ನೊಂದು ಪುಟ್ಟ ಅರಸುಮನೆತನ. ಇವರ ನಡುವೆ ಸ್ವಾದಿಯವರು ಒಬ್ಬರಿಗೆ ಕಪ್ಪ ಕೊಟ್ಟು, ಇನ್ನೊಬ್ಬರೊಡನೆ ಸಂಧಿ ಮಾಡಿಕೊಂಡು ಇನ್ನೂರು ವರ್ಷ ಬಾಳಿದರು.

ಇಂಥ ಬಾಳು ನಮ್ಮ ಮಲೆನಾಡಿಗೆ ಮಾತ್ರ ಸೇರಿದುದಲ್ಲ. ದೂರದ ಹಂಗೇರಿಯಲ್ಲಿಯೂ ಅದೇ ಶತಮಾನದಲ್ಲಿ ಇದೇ ಕಥೆ ನಡೆಯಿತು. 1526ರಲ್ಲಿ ಮೊಹಾಚ್ ಎಂಬಲ್ಲಿ ತುರ್ಕರ ಎದುರು ಹಂಗೇರಿಯ ಸೈನ್ಯ ಸೋತು, ದೊರೆ ಎರಡನೆಯ ಲೂಯಿ ಮಡಿದ. 1541ರಲ್ಲಿ ರಾಜಧಾನಿ ಬುಡಾ ತುರ್ಕರ ವಶವಾಯಿತು. ಪಡುವಣ ಭಾಗ ಆಸ್ಟ್ರಿಯದ ಹಾಬ್ಸ್‌ಬರ್ಗ್ ಮನೆತನಕ್ಕೆ ಹೋಯಿತು. ಮೂಡಣದ ಟ್ರಾನ್ಸಿಲ್ವೇನಿಯದ ಒಡೆಯರು ಸುಲ್ತಾನನಿಗೆ ಕಪ್ಪ ಕೊಡುತ್ತ, ಒಳಗೆ ತಮ್ಮ ಆಡಳಿತವನ್ನು ತಾವೇ ನಡೆಸಿದರು. ದೊಡ್ಡ ಮರ ಉರುಳಿದಾಗ ಸಣ್ಣ ಗಿಡಗಳು ಹೇಗೆ ಬದುಕುತ್ತವೆ ಎಂಬುದಕ್ಕೆ ಎರಡೂ ನಾಡುಗಳು ಸಾಕ್ಷಿ.

ಸ್ವಾದಿಯವರ ಕಪ್ಪಕ್ಕೆ ಹಣ ಬಂದದ್ದಾದರೂ ಎಲ್ಲಿಂದ? ಅಡಕೆ ಮತ್ತು ಕಾಳುಮೆಣಸಿನ ತೋಟಗಳಿಂದ. ಶಿವಾಜಿಯ ಕಾಲದಲ್ಲಿ ಈ ಕರಾವಳಿಗೆ ಬಂದ ಇಂಗ್ಲಿಷ್ ವೈದ್ಯ ಜಾನ್ ಫ್ರಯರ್, ಜಗತ್ತಿನಲ್ಲೇ ಉತ್ತಮವಾದ ಮೆಣಸು ಸ್ವಾದಿಯ ಸೀಮೆಯದೆಂದೂ ಇಂಗ್ಲೆಂಡಿನಲ್ಲಿ ಅದಕ್ಕೆ ಕಾರವಾರದ ಹೆಸರು ಬಂದಿದೆಯೆಂದೂ ಬರೆದಿಟ್ಟ. ಬೆಳೆದವನ ಊರು ಮರೆಯಾಗಿ ಮಾರುವವನ ಬಂದರು ಪ್ರಸಿದ್ಧವಾಗುವುದು ಇಂದು ನಿನ್ನೆಯದಲ್ಲ. ಅರಸನ ಖಡ್ಗಕ್ಕೆ ಸಾಣೆ ಹಿಡಿದದ್ದು ಕೊನೆಗೂ ಕಣಿವೆಯ ತೋಟಿಗನ ಬೆವರೇ. ಆ ತೋಟಿಗ ಬೇಸತ್ತು ಘಟ್ಟದ ಕೆಳಗಿಳಿದರೆ ಬೊಕ್ಕಸವೂ ಅವನೊಡನೆ ಇಳಿಯುತ್ತದೆ. ಅಧಿಕಾರಕ್ಕೆ ಇದು ಕೆಳಗಿನಿಂದ ಬಿದ್ದ ಮಿತಿ.

ಇನ್ನೊಂದು ಮಿತಿಯನ್ನು ಅರಸರು ತಾವಾಗಿಯೇ ಹಾಕಿಕೊಂಡರು. ಸೋದೆಯಲ್ಲಿ ವಾದಿರಾಜರ ಮಠವಿದೆ, ಅದ್ವೈತಿಗಳ ಸ್ವರ್ಣವಲ್ಲಿ ಇದೆ, ಜೈನರ ಮಠವಿದೆ. ಅರಸಪ್ಪ ನಾಯಕ ವಾದಿರಾಜರ ಭಕ್ತ. ಮುಂದೆ ವೀರಶೈವ ನಿಷ್ಠೆಯ ಅರಸರೂ ಈ ವಂಶದಲ್ಲಿ ಬಂದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಳಿದ ಸದಾಶಿವರಾಯ ಸ್ವತಃ ಕನ್ನಡದ ಕವಿ. ಅವನ ಮಗ ಬಸವಲಿಂಗ 1715ರಲ್ಲಿ ಕಾಳಿ ನದಿಯ ಅಳಿವೆಯ ಬಳಿ ಕೋಟೆ ಕಟ್ಟಿಸಿ, ತಂದೆಯ ನೆನಪಿಗೆ ಸದಾಶಿವಗಡವೆಂದು ಹೆಸರಿಟ್ಟ. ಆದರೆ ಕೋಟೆಗಿಂತ ದಾನಶಾಸನ ಗಟ್ಟಿ. ಆಚಂದ್ರಾರ್ಕವೆಂದು ಬರೆಸಿ ಕೊಟ್ಟ ಭೂಮಿಯನ್ನು ಕೊಟ್ಟವನೂ ಮರಳಿ ಪಡೆಯಲಾರ. ದಾನ ಮಾಡುವ ಅರಸು ತನ್ನ ಕೈಯನ್ನೇ ಕಟ್ಟಿಕೊಳ್ಳುತ್ತಾನೆ.

ಹಂಗೇರಿಯಲ್ಲಿ ಹೀಗೆ ಕೈಕಟ್ಟಿದವರು ಅಲ್ಲಿಯ ಸರದಾರರು. 1222ರಲ್ಲಿ ದೊರೆ ಎರಡನೆಯ ಆಂಡ್ರೂವಿನಿಂದ ಅವರು ಬಂಗಾರದ ಮುದ್ರೆಯ ಒಂದು ಶಾಸನವನ್ನು ಪಡೆದರು. ದೊರೆ ಮಾತಿಗೆ ತಪ್ಪಿದರೆ ಅವನನ್ನು ಎದುರಿಸುವುದು ದ್ರೋಹವಲ್ಲವೆಂದು ಅದರಲ್ಲಿತ್ತು. ಅದು ಸರದಾರರನ್ನು ಕಾಯ್ದಿತೇ ಹೊರತು ಬಡ ಒಕ್ಕಲನ್ನಲ್ಲ. ಆದರೂ ಅರಸನ ಮೇಲೊಂದು ಬರೆಹವಿದೆ ಎಂಬ ಭಾವನೆ ಅಲ್ಲಿ ಬೇರೂರಿತು. ನಮ್ಮಲ್ಲಿ ಧರ್ಮವಿತ್ತು, ರೂಢಿಯಿತ್ತು. ಅರಸನೇ ಅವುಗಳನ್ನು ಮೀರಿದಾಗ ಪ್ರಜೆ ತೆಗೆದು ತೋರಿಸಬಹುದಾದ ಓಲೆಯಿರಲಿಲ್ಲ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಅದೇ ವರ್ಷದ ಕೊನೆಗೆ ಅವನ ಸೈನ್ಯ ಸ್ವಾದಿಗೆ ಬಂತು. ಇಮ್ಮಡಿ ಸದಾಶಿವ ಪರಿವಾರದೊಡನೆ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಫೋಂಡಾದ ಸಮೀಪದ ಬಾಂದೋಡೆಯಲ್ಲಿ ಅರಸುಮನೆತನ ನೆಲೆಸಿತು. ಓಡಿಹೋದ ಅರಸನೆಂದು ಅವನನ್ನು ಹಳಿಯುವವರುಂಟು. ನನಗೆ ಮುಖ್ಯವೆನಿಸುವುದು ಮುಂದಿನ ಸಂಗತಿ. ಫೋಂಡಾ, ಝಾಂಬಾವಳಿ, ಕಾಣಕೋಣ ಸೀಮೆಗಳ ಮೇಲಣ ತನ್ನ ಹಕ್ಕನ್ನು ಈ ಮನೆತನ 1791ರ ಒಪ್ಪಂದದಲ್ಲಿ ಪೋರ್ಚುಗೀಸರಿಗೆ ಬಿಟ್ಟುಕೊಟ್ಟಿತು. ಅಲ್ಲಿಯ ಜನರನ್ನು ಯಾರೂ ಕೇಳಲಿಲ್ಲ. ಒಂದು ರುಜುವಿನಿಂದ ಅವರು 1961ರವರೆಗೆ ಪರದೇಶದ ಪ್ರಜೆಗಳಾದರು. ಇಂದು ಕಾರವಾರ ದಾಟಿ ಕಾಣಕೋಣಕ್ಕೆ ಹೋಗುವವರು ಗಡಿಯಲ್ಲಿ ಕಾಣುವ ಫಲಕದ ಹಿಂದೆ ಆ ರುಜುವಿನ ನೆರಳಿದೆ. ಆದರೆ ಆ ಸೀಮೆಗಳ ದೇವಾಲಯಗಳಿಗೂ ಆಚಾರಗಳಿಗೂ ಧಕ್ಕೆ ತರಕೂಡದೆಂಬ ಕರಾರನ್ನು ಪೋರ್ಚುಗೀಸರು ಒಪ್ಪಬೇಕಾಯಿತು ಎಂಬುದನ್ನೂ ಮರೆಯಬಾರದು. ಸಿಂಹಾಸನವಿದ್ದಾಗ ಯಾರೂ ತನ್ನ ಮೇಲೆ ಬರೆಸಿಕೊಳ್ಳದ ಮಿತಿಯನ್ನು, ಸಿಂಹಾಸನ ಹೋದ ಮೇಲೆ ಆ ಮನೆತನ ಬಲಿಷ್ಠನ ಮೇಲೆ ಬರೆಸಿತು.

ಚರಿತ್ರೆ ಕೆಲವೊಮ್ಮೆ ವಿಚಿತ್ರವಾಗಿ ಪ್ರಾಸ ಹಾಕುತ್ತದೆ. ಹಂಗೇರಿಯ ಕೊನೆಯ ದೊರೆ ನಾಲ್ಕನೆಯ ಚಾರ್ಲ್ಸ್ 1918ರಲ್ಲಿ ಅಧಿಕಾರ ಕಳೆದುಕೊಂಡು, 1922ರಲ್ಲಿ ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಲ್ಲಿ ತೀರಿಕೊಂಡ. ಇತ್ತ ಅವನ ನಾಡು 1920ರ ಮೇಲೆಯೂ ದೊರೆಯಿಲ್ಲದ ರಾಜ್ಯವೆಂದೇ ಕರೆಯಿಸಿಕೊಂಡು, ಕಿರೀಟದ ಹೆಸರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಆಡಳಿತ ನಡೆಸಿತು. ಅಲ್ಲಿ ದೊರೆಯಿಲ್ಲದ ರಾಜ್ಯ; ಬಾಂದೋಡೆಯಲ್ಲಿ ರಾಜ್ಯವಿಲ್ಲದ ದೊರೆ.

ಹುಡುಗನ ಪ್ರಶ್ನೆಗೆ ಈಗ ಉತ್ತರ ಹೇಳಬಹುದೆನಿಸುತ್ತದೆ. ಆ ಕಲ್ಲಿನ ಮೇಲೆ ಕುಳಿತವರ ಮಾತು ನಡೆದದ್ದು ಮೇಲಿನವರು ಬಿಟ್ಟಷ್ಟು ದೂರ, ಕೆಳಗಿನವರು ತೆತ್ತಷ್ಟು ಕಾಲ. ಆದರೆ ಅವರು ಬರೆದು ಕೊಟ್ಟದ್ದು ಅವರ ಮಾತನ್ನೂ ಮೀರಿ ಬಾಳಿತು, ಒಳಿತಿಗೂ ಕೆಡುಕಿಗೂ. ಆದುದರಿಂದ ಅಧಿಕಾರದಲ್ಲಿರುವವರು ಏನು ಆಡುತ್ತಾರೆ ಎಂಬುದಕ್ಕಿಂತ, ನಮ್ಮ ಹೆಸರಿನಲ್ಲಿ ಯಾವ ಓಲೆಗೆ ರುಜು ಹಾಕುತ್ತಾರೆ ಎಂಬುದನ್ನು ನಾವು ನೋಡುತ್ತಿರಬೇಕು. ಸೋದೆಯ ಹಾಸುಗಲ್ಲಿನ ಮೇಲೆ ಮಳೆಗಾಲದಲ್ಲಿ ಹಾವಸೆ ಬೆಳೆಯುತ್ತದೆ. ಮಠಗಳಲ್ಲಿ ದೀಪ ಉರಿಯುತ್ತದೆ. ತೋಟದಲ್ಲಿ ಮೆಣಸಿನ ಬಳ್ಳಿ ಅಡಕೆ ಮರವನ್ನು ಹಬ್ಬಿದೆ.