ಎತ್ತಿನ ಹೊಟ್ಟೆಯೊಳಗೆ ಕೂತ ಫೋಟೋಗ್ರಾಫರು

ಹೋದ ವರ್ಷ ಏಪ್ರಿಲ್‌ನಲ್ಲಿ, ಇಲ್ಲಿ ಇಂಗ್ಲೆಂಡಿನ ನಮ್ಮ ಮನೆ ಹಿತ್ತಲಿನ ಐವಿ ಬಳ್ಳಿಯೊಳಗೆ ಬ್ಲ್ಯಾಕ್‌ಬರ್ಡ್ ಗೂಡು ಕಟ್ಟಿತ್ತು. ಕಂದು ಚುಕ್ಕೆಯ ನೀಲಿ-ಹಸಿರು ಮೊಟ್ಟೆ ನಾಲ್ಕು. ಹೊಸ ಲೆನ್ಸ್ ಕೊಂಡ ಹುರುಪು ನನಗೆ. ಎಲೆ ಅಡ್ಡ ಬರುತ್ತೆ ಅಂತ ಎರಡು ಕುಡಿ ಕಿತ್ತು ಹಾಕಿದೆ. ಫೋಟೋ ಚೆನ್ನಾಗೇ ಬಂತು. ಮಾರನೇ ದಿನ ಗೂಡು ಖಾಲಿ! ಬೇಲಿ ಮೇಲೆ ಮ್ಯಾಗ್‌ಪೈ ಒಂದು ಕೂತಿತ್ತು. ಅದಕ್ಕೆ ದಾರಿ ತೋರಿಸಿದವನು ನಾನೇ ಅಂತ ಇವತ್ತಿಗೂ ಅನ್ನಿಸುತ್ತೆ.

ಆ ಸಂಕಟದಲ್ಲೇ, ನಮಗಿಂತ ಮುಂಚಿನವರು ಈ ಕೆಲಸ ಹೇಗೆ ಮಾಡ್ತಿದ್ರು ಅಂತ ಓದೋಕೆ ಕೂತೆ.

ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಹಕ್ಕಿಯ ಅಧ್ಯಯನ ಅಂದರೆ ಹೆಚ್ಚಾಗಿ ಕೋವಿಯಿಂದ ಹೊಡೆದು, ಹುಲ್ಲು ತುಂಬಿಸಿ ಇಡೋದು. ಇಲ್ಲಾ ಮೊಟ್ಟೆ ಕದ್ದು ಜೋಡಿಸಿಡೋದು. ಯಾರ್ಕ್‌ಷೈರಿನ ಥ್ವೇಟ್ ಎಂಬ ಹಳ್ಳಿಯಿಂದ ಬಂದ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಅನ್ನೋ ಅಣ್ಣತಮ್ಮಂದಿರು ಕೋವಿಯ ಬದಲು ಕ್ಯಾಮೆರಾ ಹಿಡಿದರು. 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಫೋಟೋ ತೆಗೆದರು. 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳ ಬಗ್ಗೆ ಅವರ ಪುಸ್ತಕ ಬಂತು. ಬರೆದದ್ದು ಅಣ್ಣ, ಫೋಟೋ ತಮ್ಮನದು.

ಆಗಿನದು ಮರದ ಭಾರದ ಕ್ಯಾಮೆರಾ, ಗಾಜಿನ ಪ್ಲೇಟು. ಹಕ್ಕಿಯ ತೀರಾ ಹತ್ತಿರ ಹೋಗಲೇಬೇಕು. ಹೋದರೆ ಹಕ್ಕಿ ಹಾರುತ್ತೆ. ಏನು ಮಾಡೋದು? 1900ರಲ್ಲಿ ಇವರು ಮರದ ಚೌಕಟ್ಟಿನ ಮೇಲೆ ಎತ್ತಿನ ಚರ್ಮ ಹೊದಿಸಿ ಟೊಳ್ಳು ಎತ್ತೊಂದನ್ನು ಮಾಡಿಸಿದರು! ಅದರ ಹೊಟ್ಟೆಯೊಳಗೆ ಒಬ್ಬರು ಕ್ಯಾಮೆರಾ ಸಮೇತ ಬಗ್ಗಿಕೊಂಡು ಕಾಯಬೇಕು. ಮೇಯೋ ದನಕ್ಕೆ ಹಕ್ಕಿ ಹೆದರಲ್ಲ. ನಮ್ಮೂರಲ್ಲಿ ಎಮ್ಮೆ ಬೆನ್ನೇರಿ ಕೂರೋ ಬೆಳ್ಳಕ್ಕಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಇನ್ನೊಬ್ಬಾಕೆ ಎಮ್ಮಾ ಟರ್ನರ್. ನಾರ್ಫೋಕ್‌ನ ಹಿಕ್ಲಿಂಗ್ ಬ್ರಾಡ್ ಎಂಬ ಜೌಗು ಕೆರೆಯಲ್ಲಿ ದೋಣಿಮನೆ ಮಾಡಿಕೊಂಡು ಹಕ್ಕಿ ನೋಡ್ತಿದ್ದವರು. ಬಿಟರ್ನ್ ಅನ್ನೋ ಕೊಕ್ಕರೆ ಜಾತಿಯ ಹಕ್ಕಿ ಬ್ರಿಟನ್ನಿನಲ್ಲಿ ಮರಿ ಮಾಡೋದೇ ನಿಂತುಹೋಗಿತ್ತು. 1911ರಲ್ಲಿ ಆಕೆ ತೆಗೆದ ಬಿಟರ್ನ್ ಮರಿಯ ಫೋಟೋ, ಅದು ವಾಪಸ್ ಬಂದಿದೆ ಅನ್ನೋದಕ್ಕೆ ಸಾಕ್ಷಿಯಾಯಿತು.

ಹಾಗಂತ ಇವರ ದಾರಿಯೆಲ್ಲ ಸರಿ ಅನ್ನೋಕೂ ಆಗಲ್ಲ. ಹಕ್ಕಿ ಗೂಡಿಗೆ ಬಂದೇ ಬರುತ್ತಲ್ಲ, ಹಾಗಾಗಿ ದಶಕಗಟ್ಟಲೆ ಕ್ಯಾಮೆರಾಗಳೆಲ್ಲ ಗೂಡಿನ ಕಡೆಗೇ ತಿರುಗಿದ್ದವು. ತಿಳಿದವರು ಮರೆಗೂಡಾರವನ್ನು ದಿನಕ್ಕಿಷ್ಟೇ ಅಂತ ಹತ್ತಿರ ತರ್ತಿದ್ರು, ಹಕ್ಕಿ ಗಾಬರಿಯಾದರೆ ಹಿಂದೆ ಸರೀತಿದ್ರು. ಆದರೂ ಗೂಡು ಗೂಡೇ. 1937ರಲ್ಲಿ ಎರಿಕ್ ಹಾಸ್ಕಿಂಗ್ ಎಂಬ ಹೆಸರಾಂತ ಫೋಟೋಗ್ರಾಫರ್ ಕತ್ತಲಲ್ಲಿ ಗೂಬೆಯ ಗೂಡಿನ ಬಳಿ ಹೋದಾಗ ಅದು ಎರಗಿ ಒಂದು ಕಣ್ಣೇ ಹೋಯಿತು. ಗೂಬೆಯ ತಪ್ಪೇನಿತ್ತು, ನೀವೇ ಹೇಳಿ.

1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಬ್ರಿಟನ್ನಿನಲ್ಲಿ ಪಟ್ಟಿಯಲ್ಲಿರುವ ಅಪರೂಪದ ಹಕ್ಕಿಗಳನ್ನು ಗೂಡಿನ ಬಳಿ ಕಾಡುವುದು ಅಪರಾಧ. ಅಂಥ ಕಡೆ ಫೋಟೋ ತೆಗೆಯೋಕೆ ಲೈಸೆನ್ಸ್ ಬೇಕು. ನಮ್ಮ ಬ್ಲ್ಯಾಕ್‌ಬರ್ಡ್ ಆ ಪಟ್ಟಿಯಲ್ಲಿಲ್ಲ. ಅದರ ಮಟ್ಟಿಗೆ ಆ ಎರಡು ಕುಡಿ ಐವಿಯೇ ಕಾಯ್ದೆಯಾಗಿತ್ತು, ನಾನು ಕಿತ್ತೆ.

ಈ ವರ್ಷವೂ ಅದೇ ಬಳ್ಳಿಯಲ್ಲಿ ಗೂಡಾಯಿತು. ನಾನು ಹತ್ತಿರ ಹೋಗಲಿಲ್ಲ. ಅಡುಗೆಮನೆ ಕಿಟಕಿಯ ಹಿಂದೆ ಕಾಫಿ ಲೋಟ ಹಿಡಿದು ಕೂತೆ. ಮರಿಗಳು ಹಾರಿದ ಮೇಲೆ ಹುಲ್ಲಿನಲ್ಲಿ ಎರೆಹುಳು ಎಳೀತಿದ್ದ ತಾಯಿಯ ಒಂದು ಫೋಟೋ ಸಿಕ್ಕಿತು. ಸ್ವಲ್ಪ ಮಸುಕು. ಅದನ್ನೇ ಫ್ರೇಮ್ ಹಾಕಿಸಿದ್ದೀನಿ. ಹೋದ ವರ್ಷದ್ದನ್ನ ಯಾರಿಗೂ ತೋರಿಸಿಲ್ಲ.