ಉಜ್ಜದ ಘರ್ಷಣೆ

ಪತ್ರಿಕೆ ಓದಿ ಬೆಳೆದ ಕಿವಿಗೆ 'ಸ್ಥಾಯಿ ಘರ್ಷಣೆ' ಅಂದರೆ ಎರಡು ಬಣಗಳ ಮುಗಿಯದ ಜಗಳವೇ ಸರಿ. ಪಾಲಿಕೆಗಳ ಸ್ಥಾಯಿ ಸಮಿತಿ ನೆನಪಾದರೂ ತಪ್ಪಿಲ್ಲ. ಅಲ್ಲಿ ಆಗಾಗ ಎರಡೂ ಪದ ಒಟ್ಟಿಗೇ ಸಿಗುತ್ತವೆ. ಪ್ರೌಢಶಾಲೆಯ ಮಕ್ಕಳಿಗೆ ಮಾತ್ರ ಅದು ಭೌತಶಾಸ್ತ್ರದ ಪಾಠ: ಒಂದನ್ನೊಂದು ಒತ್ತಿ ನಿಂತ ಎರಡು ಮೇಲ್ಮೈಗಳು ಜಾರದಂತೆ ತಡೆಯುವ ಬಲ.

ಘರ್ಷಣೆಯ ಮೂಲ ಸಂಸ್ಕೃತದ 'ಘೃಷ್'. ಉಜ್ಜು, ತೇಯು ಎಂದರ್ಥ. ಸಂಘರ್ಷವೂ ಅದೇ ಮನೆಯದು. ನಮ್ಮ 'ತಿಕ್ಕು' ಕೂಡ ಇದೇ ದಾರಿ ಹಿಡಿದು, ಪಾತ್ರೆ ತಿಕ್ಕುವುದರಿಂದ ಹೊರಟು ಅಣ್ಣತಮ್ಮಂದಿರ ತಿಕ್ಕಾಟಕ್ಕೆ ಬಂದು ನಿಂತಿದೆ. ತಮಾಷೆಯೆಂದರೆ ಸ್ಥಾಯಿ ಘರ್ಷಣೆಯಲ್ಲಿ ಯಾವುದೂ ಯಾವುದನ್ನೂ ಉಜ್ಜುವುದಿಲ್ಲ. ಉಜ್ಜಾಟ ಶುರುವಾಯಿತೆಂದರೆ ಅದರ ಕೆಲಸ ಮುಗಿದು, ಜಾರು ಘರ್ಷಣೆಯ ಪಾಳಿ ಬಂತೆಂದೇ ಲೆಕ್ಕ. 'ಹಿಡಿತ' ಅಂದಿದ್ದರೆ ಎಷ್ಟೋ ಚೆನ್ನಾಗಿ ಒಪ್ಪುತ್ತಿತ್ತು. ಡ್ರೈವರುಗಳು 'ಟೈರಿಗೆ ಗ್ರಿಪ್ ಇಲ್ಲ' ಅನ್ನುವಾಗ ಹೇಳುವುದು ಇದನ್ನೇ.

ಸಿಮೆಂಟ್ ನೆಲದ ಮೇಲೆ 50 ಕಿಲೋ ಅಕ್ಕಿ ಮೂಟೆ ಇದೆ ಎನ್ನಿ. ನೆಲ ಅದನ್ನು ಸುಮಾರು 490 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಘರ್ಷಣಾಂಕ 0.5 ಅಂತಿಟ್ಟುಕೊಂಡರೆ ಹಿಡಿತದ ಮಿತಿ 245 ನ್ಯೂಟನ್. ಹಾಗಂತ ಅದು ಸದಾ 245 ತೋರಿಸಿಕೊಂಡು ಕೂತಿರುವುದಿಲ್ಲ. ನೀವು ಅಡ್ಡಕ್ಕೆ 60 ನ್ಯೂಟನ್ ಹಾಕಿ ತಳ್ಳಿದರೆ 60, 200 ಹಾಕಿದರೆ 200. ಯಾರೂ ತಳ್ಳದಿದ್ದರೆ ಸೊನ್ನೆ. ಪರೀಕ್ಷೆಯಲ್ಲಿ ಹುಡುಗರು ಎಡವುವುದು ಇಲ್ಲೇ. ಪ್ರಶ್ನೆ ಕಂಡಿದ್ದೇ ತಡ, ಗುಣಿಸಿ ಮಿತಿಯನ್ನೇ ಉತ್ತರವಾಗಿ ಬರೆದುಬಿಡುತ್ತಾರೆ. ಮಿತಿ ದಾಟಿದರೆ ಮೂಟೆ ಒಮ್ಮೆಲೇ ಕದಲುತ್ತದೆ, ಆಮೇಲೆ ಎಳೆಯುವುದು ತುಸು ಸಲೀಸು, ಜಾರು ಘರ್ಷಣೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಹಮಾಲರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಫ್ರಾನ್ಸಿನ ಕೂಲಂಬ್, ವಿದ್ಯುದಾವೇಶಗಳ ನಿಯಮಕ್ಕೆ ಹೆಸರಾದವನೇ, 1785ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಇನ್ನೊಂದು ಸಂಗತಿ ದಾಖಲಿಸಿದ್ದಾನೆ. ಮರದ ಮೇಲೆ ಮರವಿಟ್ಟು ತಕ್ಷಣ ಎಳೆಯುವುದಕ್ಕಿಂತ ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಹೆಚ್ಚು ಬಲ ಬೇಕು. ಕೂತಲ್ಲೇ ಬೇರು ಬಿಡುವ ಚಾಳಿ ನಮ್ಮದು ಮಾತ್ರ ಅಂದುಕೊಂಡಿದ್ದೆವು.

ಜಾರದೆ ಉರುಳುವ ಚಕ್ರವನ್ನು ನಡೆಸುವುದೂ ಸ್ಥಾಯಿ ಘರ್ಷಣೆಯೇ. ನೆಲ ಮುಟ್ಟಿದ ಬಿಂದು ಆ ಕ್ಷಣಕ್ಕೆ ನಿಶ್ಚಲವಾಗಿರುತ್ತದಲ್ಲ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಎಬಿಎಸ್ ಕಾಯುವುದು ಇದೇ ಕಾರಣಕ್ಕೆ.

ನನಗಂತೂ ಇದರ ನಿಜವಾದ ಪವಾಡ ಕಾಣುವುದು ನೂಲಿನಲ್ಲಿ. ಹತ್ತಿಯ ಎಳೆ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್, ಸೀರೆಯ ನೂಲು ಮೀಟರುಗಟ್ಟಲೆ. ನಡುವೆ ಅಂಟಿಲ್ಲ, ಗಂಟಿಲ್ಲ, ಬರೀ ಹುರಿ. ಹುರಿ ಹಾಕಿದಾಗ ಎಳೆಗಳು ಒಂದನ್ನೊಂದು ಒತ್ತುತ್ತವೆ, ಒತ್ತಿದಷ್ಟೂ ಹಿಡಿತದ ಮಿತಿ ಏರುತ್ತದೆ. ತುದಿ ಹಿಡಿದು ಜಗ್ಗಿದರೆ ಸಡಿಲಾಗುವ ಬದಲು ಇನ್ನಷ್ಟು ಬಿಗಿಯುತ್ತವೆ. ದುಡಿದು ಗಟ್ಟಿಯಾದ ದೇಹವನ್ನು 'ಹುರಿಗಟ್ಟಿದ ಮೈ' ಅಂದವರು ನೂಲನ್ನು ಹತ್ತಿರದಿಂದ ಬಲ್ಲವರೇ ಇರಬೇಕು. ಒಂಟಿ ಹುರಿಯ ಹತ್ತಿ ನೂಲೊಂದನ್ನು ಬೆರಳುಗಳ ನಡುವೆ ಹುರಿಯ ಎದುರು ದಿಕ್ಕಿಗೆ ತಿರುಗಿಸಿ, ಹುರಿ ಪೂರಾ ಬಿಚ್ಚಿದ ಮೇಲೆ ಎಳೆದು ನೋಡಿ. ಆಗಷ್ಟೇ ಜಗ್ಗಿದರೂ ಜಗ್ಗದಿದ್ದ ನೂಲು ಎರಡಾಗಿ ಬಂದುಬಿಡುತ್ತದೆ. ತುದಿಗಳಲ್ಲಿ ತುಂಡಾದ ಎಳೆ ಹುಡುಕಿದರೂ ಸಿಗುವುದು ಕಷ್ಟ.