ಶಬ್ದವೇಗದ ಆಸುಪಾಸಿನ ಗಾಳಿ ಸುರಂಗ: ಸಾರ್ವಜನಿಕರಿಗೆ ಮಾಹಿತಿ

ವಿಮಾನ ಅಥವಾ ರಾಕೆಟ್ಟಿನ ಚಿಕ್ಕ ಮಾದರಿಯನ್ನು ಸ್ಥಿರವಾಗಿ ನಿಲ್ಲಿಸಿ, ಅದರ ಸುತ್ತ ನಿಗದಿತ ವೇಗದಲ್ಲಿ ಗಾಳಿಯನ್ನು ಹಾಯಿಸಿ ಪರೀಕ್ಷಿಸುವ ಸ್ಥಾವರಕ್ಕೆ ಗಾಳಿ ಸುರಂಗವೆಂದು ಹೆಸರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಇಂತಹ ಸ್ಥಾವರವಿರುವುದಿಲ್ಲ. ರಾಜ್ಯದಲ್ಲಿ ಇದರ ಪ್ರಮುಖ ಕೇಂದ್ರವು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್.ಎ.ಎಲ್. ಆಗಿರುತ್ತದೆ. 1959ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸಂಸ್ಥೆ 1960ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಗೆ ಆ ಹೆಸರು ಬಂದಿರುವುದು ಇಲ್ಲಿನ ಸುರಂಗಗಳಿಂದಲೇ.

1967ರಲ್ಲಿ ಕಾರ್ಯಾರಂಭ ಮಾಡಿದ ಇಲ್ಲಿನ ಟ್ರೈಸಾನಿಕ್ ಸುರಂಗದ ಪರೀಕ್ಷಾ ಕೋಣೆಯು 1.2 ಮೀಟರ್ ಅಗಲ, 1.2 ಮೀಟರ್ ಎತ್ತರವಿದೆ. ಶಬ್ದಕ್ಕಿಂತ ಕಡಿಮೆ, ಶಬ್ದದ ಆಸುಪಾಸು ಮತ್ತು ಶಬ್ದಕ್ಕಿಂತ ಹೆಚ್ಚು, ಈ ಮೂರೂ ಬಗೆಯ ವೇಗಗಳಲ್ಲಿ ಪರೀಕ್ಷೆ ಸಾಧ್ಯವಿರುವುದರಿಂದ ಈ ಹೆಸರು. ಶಬ್ದದ ವೇಗವನ್ನು ಮ್ಯಾಕ್ 1 ಎಂದು ಕರೆಯಲಾಗುತ್ತದೆ. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಗಂಟೆಗೆ ಸುಮಾರು 1,225 ಕಿ.ಮೀ. ಮ್ಯಾಕ್ 0.8ರಿಂದ 1.2ರವರೆಗಿನ ವ್ಯಾಪ್ತಿಯೇ ಟ್ರಾನ್ಸಾನಿಕ್.

ಈ ವ್ಯಾಪ್ತಿಯಲ್ಲಿ ವಿಮಾನವು ಇನ್ನೂ ಶಬ್ದವೇಗವನ್ನು ಮುಟ್ಟದಿದ್ದರೂ ರೆಕ್ಕೆಯ ಉಬ್ಬಿನ ಮೇಲೆ ಹರಿಯುವ ಗಾಳಿ ಅದನ್ನು ಮೀರಿರುತ್ತದೆ. ಅಲ್ಲಿ ಆಘಾತ ತರಂಗಗಳು ಉಂಟಾಗಿ ಗಾಳಿಯ ಎಳೆತ ಹಠಾತ್ತನೆ ಏರುತ್ತದೆ, ರೆಕ್ಕೆ ನಡುಗುತ್ತದೆ. ಪ್ರಯಾಣಿಕರ ಜೆಟ್ ವಿಮಾನಗಳು ಸಾಮಾನ್ಯವಾಗಿ ಮ್ಯಾಕ್ 0.8ರ ಆಸುಪಾಸಿನಲ್ಲೇ ಹಾರುವುದರಿಂದ ಇದು ಯುದ್ಧವಿಮಾನಗಳಿಗೆ ಮಾತ್ರ ಸೀಮಿತವಾದ ವಿಷಯವಲ್ಲ. ಉಪಗ್ರಹ ವಾಹನಗಳೂ ಮೇಲೇರುವಾಗ ಈ ಘಟ್ಟವನ್ನು ದಾಟಲೇಬೇಕು. ಚಾಲಕನನ್ನು ಕೂರಿಸುವ ಮುನ್ನ ಅಥವಾ ರಾಕೆಟ್ಟನ್ನು ಹಾರಿಸುವ ಮುನ್ನ ಮಾದರಿಯಲ್ಲೇ ದೋಷ ಕಂಡುಬಂದರೆ ಜೀವವೂ ಹಣವೂ ಉಳಿಯುತ್ತವೆ.

ಸದರಿ ಸುರಂಗದಲ್ಲಿ ಗಾಳಿಯನ್ನು ಫ್ಯಾನಿನಿಂದ ಬೀಸಲಾಗುವುದಿಲ್ಲ. ಕಂಪ್ರೆಸರುಗಳಿಂದ ಒತ್ತಿದ ಗಾಳಿಯನ್ನು ದೊಡ್ಡ ಉಕ್ಕಿನ ಟ್ಯಾಂಕುಗಳಲ್ಲಿ ಶೇಖರಿಸಿ, ನಂತರ ಕವಾಟ ತೆರೆದು ಒಮ್ಮೆಲೇ ಬಿಡಲಾಗುತ್ತದೆ. ಕೊಟ್ಟೂರಿನ ಕೆರೆಯಂತಹ ಕೆರೆಯನ್ನು ನಿಧಾನವಾಗಿ ತುಂಬಿಸಿ ತೂಬು ಎತ್ತಿದಂತೆ. ಜಮೆ ದೀರ್ಘಕಾಲದ್ದು, ಖರ್ಚು ಸೆಕೆಂಡುಗಳ ಲೆಕ್ಕದ್ದು. ಶೇಖರಿಸುವ ಮುನ್ನ ಗಾಳಿಯ ತೇವಾಂಶವನ್ನು ತೆಗೆಯುವುದು ಕಡ್ಡಾಯ; ಇಲ್ಲದಿದ್ದಲ್ಲಿ ಗಾಳಿ ಹಿಗ್ಗಿ ತಣ್ಣಗಾದಾಗ ಮಂಜು ಕಟ್ಟಿ ಅಳತೆಗಳು ಕೆಡುತ್ತವೆ.

ಮಾದರಿಯನ್ನು ಹಿಂಬದಿಯಿಂದ ಒಂದು ಸರಳಿಗೆ ಜೋಡಿಸಲಾಗುತ್ತದೆ. ಅದರ ಒಡಲೊಳಗಿರುವ ಸೂಕ್ಷ್ಮ ತಕ್ಕಡಿಯು ಮೇಲೆತ್ತುವ ಬಲ, ಎಳೆತ ಮತ್ತು ತಿರುಗಿಸುವ ಬಲಗಳನ್ನು ದಾಖಲಿಸುತ್ತದೆ. ಗಾಳಿ ಹರಿಯುವ ಅಷ್ಟೇ ಅವಧಿಯಲ್ಲಿ ಮಾದರಿಯ ಓರೆಯನ್ನು ಬದಲಿಸುತ್ತಾ ಹಲವು ಅಳತೆಗಳನ್ನು ಪಡೆಯಲಾಗುತ್ತದೆ.

ನಿಜವಾದ ತೊಡಕು ಸುರಂಗದ ಗೋಡೆಯಲ್ಲಿದೆ. ಆಕಾಶಕ್ಕೆ ಗೋಡೆಯಿಲ್ಲ, ಸುರಂಗಕ್ಕಿದೆ. ಮಾದರಿ ಮತ್ತು ಗೋಡೆಯ ನಡುವಿನ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ. ಅದು ಅಲ್ಲಿ ಮ್ಯಾಕ್ 1 ತಲುಪಿದೊಡನೆ ಹರಿವು ಕಟ್ಟಿಕೊಂಡು, ಎಷ್ಟೇ ಒತ್ತಡ ಹಾಕಿದರೂ ಮುಂದಿನ ವೇಗ ಏರುವುದಿಲ್ಲ. ಮ್ಯಾಕ್ 0.9ರಲ್ಲಿ ಕೋಣೆಯ ಅಡ್ಡಗಾತ್ರದ ಶೇ. 0.9ರಷ್ಟು ಮುಚ್ಚಿದರೂ ಸಾಕು. 1.2 ಮೀಟರ್ ಕೋಣೆಗೆ ಲೆಕ್ಕ ಹಾಕಿದರೆ ಇದು ಸುಮಾರು 11 ಸೆಂ.ಮೀ. ಉದ್ದಗಲದ ಒಂದು ಚೌಕ ಮಾತ್ರ! ಗಟ್ಟಿ ಗೋಡೆಯ ಸುರಂಗದಲ್ಲಿ ಉಪಯುಕ್ತ ಗಾತ್ರದ ಮಾದರಿಯನ್ನು ಪರೀಕ್ಷಿಸಲು ದಶಕಗಳ ಕಾಲ ಆಗದಿದ್ದುದು ಇದೇ ಕಾರಣಕ್ಕೆ.

ಪರಿಹಾರವು ಗೋಡೆಯನ್ನೇ ತೆರೆಯುವುದಾಗಿತ್ತು. ಅಮೆರಿಕದ ಲ್ಯಾಂಗ್ಲಿ ಕೇಂದ್ರದಲ್ಲಿ ಜಾನ್ ಸ್ಟ್ಯಾಕ್ ಮತ್ತು ಸಂಗಡಿಗರು 1950ರ ವೇಳೆಗೆ ದೊಡ್ಡ ಸುರಂಗಗಳ ಗೋಡೆಗೆ ಉದ್ದ ಸೀಳುಗಳನ್ನು ಅಳವಡಿಸಿದರು. ಈ ಕಾರ್ಯಕ್ಕೆ 1951ರ ಕಾಲಿಯರ್ ಪ್ರಶಸ್ತಿ ಸಂದಿತು. ಸೀಳು ಅಥವಾ ರಂಧ್ರಗಳ ಮೂಲಕ ಹೆಚ್ಚುವರಿ ಗಾಳಿ ಹೊರಗಿನ ಕೋಣೆಗೆ ಸರಿಯುವುದರಿಂದ ಹರಿವು ಕಟ್ಟಿಕೊಳ್ಳುವುದಿಲ್ಲ. ಮಾದರಿಯಿಂದ ಹೊರಟ ತರಂಗಗಳು ಗೋಡೆಗೆ ಬಡಿದು ಮಾದರಿಗೇ ಮರಳುವುದೂ ತಗ್ಗುತ್ತದೆ. ಆದಾಗ್ಯೂ ಗೋಡೆಯ ಪ್ರಭಾವ ಪೂರ್ಣವಾಗಿ ಅಳಿಯುವುದಿಲ್ಲ. ಆದ್ದರಿಂದ ಅಳತೆಗಳಿಗೆ ತಿದ್ದುಪಡಿ ಮಾಡಿದ ನಂತರವೇ ಅವುಗಳನ್ನು ವಿನ್ಯಾಸಕ್ಕೆ ಬಳಸಲಾಗುತ್ತದೆ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ಹಗುರ ಯುದ್ಧವಿಮಾನ ತೇಜಸ್‌ನ ಮಾದರಿಗಳನ್ನೂ ಪಿಎಸ್‌ಎಲ್‌ವಿ, ಜಿಎಸ್‌ಎಲ್‌ವಿ ಉಪಗ್ರಹ ವಾಹನಗಳ ಮಾದರಿಗಳನ್ನೂ ಎನ್.ಎ.ಎಲ್. ಸುರಂಗದಲ್ಲಿ ಪರೀಕ್ಷಿಸಲಾಗಿದೆ. ಇಸ್ರೋ ಸಂಸ್ಥೆಯು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ತನ್ನದೇ ಟ್ರೈಸಾನಿಕ್ ಸುರಂಗವನ್ನು ಸ್ಥಾಪಿಸಿದ್ದು, ಅದರ ಮೊದಲ ಪರೀಕ್ಷೆ 2022ರ ಡಿಸೆಂಬರಿನಲ್ಲಿ ನಡೆದಿರುತ್ತದೆ.